ದಾರ ಎಣಿಸುವ ಹದಿನೈದು ನಿಮಿಷ

ಹೋದ ತಿಂಗಳು ರವಿಕೆ ಹೊಲಿಯಲು ಕೊಡಲೆಂದು ಹಾಸನದ ಒಂದು ಸಣ್ಣ ಟೈಲರ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಆಗಷ್ಟೇ ಮಷಿನ್ನಿಗೆ ಎಣ್ಣೆ ಬಿಟ್ಟು, ಹಳೇ ಬಟ್ಟೆಯ ಚೂರೊಂದರ ಮೇಲೆ ಹೊಲಿಗೆ ಓಡಿಸಿ ನೋಡುತ್ತಿದ್ದರು. ಬಿಸಿಯಾದ ಎಣ್ಣೆ, ಹೊಸ ಹತ್ತಿಬಟ್ಟೆಯ ಗಂಜಿ, ಮೂಗಿನೊಳಗೆ ಹೋಗಿ ಕೂರುವ ನವುರಾದ ಧೂಳು... ಈ ಮೂರೂ ಸೇರಿದ ವಾಸನೆಗೆ ನಾನು ಅಳತೆ ಹೇಳುವುದನ್ನು ಮರೆತು ನಿಂತೆ. "ತೋಳು ಎಷ್ಟುದ್ದ ಇಡ್ಬೇಕು?" ಎಂದು ಆಕೆ ಎರಡನೇ ಸಲ ಕೇಳಿದ ಮೇಲೆ ಉತ್ತರಿಸಿದೆ. ಮನೆಗೆ ಬಂದ ಮೇಲೂ ಒಳಗೊಂದು ಸಿಟ್ಟು ಇಳಿಯಲಿಲ್ಲ. ಯಾರ ಮೇಲಿನ ಸಿಟ್ಟು ಎಂದು ಯಾರಾದರೂ ಕೇಳಿದರೆ ಮೊದಲು ನನ್ನ ಹೆಸರನ್ನೇ ಹೇಳಬೇಕಾಗುತ್ತದೆ.

ನಾನು ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿ ಸೇರಿದ ಮೊದಲ ಕೆಲಸ ಹಾಸನದ ಹೊರಗಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ವೆಲ್‌ಫೇರ್ ಆಫೀಸರ್ ಎಂಬ ಹುದ್ದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಶಿಶುವಿಹಾರ, ದೂರು ಪೆಟ್ಟಿಗೆ, ಇವು ಮೂರೂ ನನ್ನ ಸುಪರ್ದಿಯಲ್ಲಿದ್ದವು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದ ಕಂಪನಿಯ ಬಸ್ಸುಗಳಲ್ಲಿ ನೂರಾರು ಹೆಂಗಸರು ಬರುತ್ತಿದ್ದರು. ಮನೆಯ ಕೆಲಸ ಮುಗಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಬಂದವರು ಮಷಿನ್ನಿನ ಮುಂದೆ ಮತ್ತೆ ಕೂರುತ್ತಿದ್ದರು.

ಒಂದು ಲೈನಿನಲ್ಲಿ ಮೂವತ್ತು ಮಷಿನ್ನು. ಒಬ್ಬಳು ಕಾಲರ್ ಹೊಲಿದರೆ, ಮುಂದಿನವಳು ಅದನ್ನು ಕೂರಿಸುತ್ತಾಳೆ, ಅದರ ಮುಂದಿನವಳು ತೋಳು. ಹೀಗೆ ಕೈಯಿಂದ ಕೈಗೆ ದಾಟಿ ಕೊನೆಯಲ್ಲಿ ಶರ್ಟು ಹೊರಬರುತ್ತದೆ. ನಡುವೆ ಒಬ್ಬಳು ನಿಧಾನವಾದರೂ ಅವಳ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಹಿಂದಿನವರೆಲ್ಲ ಅವಳತ್ತ ನೋಡುತ್ತಾರೆ. ಪ್ರತಿ ಲೈನಿನ ತಲೆಗೆ ಒಂದು ಬಿಳಿ ಬೋರ್ಡು. ಗಂಟೆಗೊಮ್ಮೆ ಸೂಪರ್‌ವೈಸರ್ ಬಂದು ಆ ಗಂಟೆಯಲ್ಲಿ ಎಷ್ಟು ಶರ್ಟು ಮುಗಿಯಿತು ಎಂದು ಅದರ ಮೇಲೆ ಬರೆಯಬೇಕು.

ಏಳನೇ ಲೈನಿನ ಸೂಪರ್‌ವೈಸರ್ ಹೊಳೆನರಸೀಪುರದವರು. ವಯಸ್ಸು ನಲವತ್ತೈದರ ಆಸುಪಾಸು, ಕುಳ್ಳಗೆ, ಕೈ ಬಹಳ ಚುರುಕು. ಇಡೀ ಲೈನು ಅವರನ್ನು ಅಕ್ಕ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಅವರು ನನ್ನನ್ನು ಮೊದಮೊದಲು ಬೇಕೆಂದೇ ಎಳೆದು "ಮೇಡಮ್ಮಾರೇ" ಎನ್ನುತ್ತಿದ್ದರು. ಆಮೇಲೆ "ಮಗ" ಎನ್ನಲು ಶುರು ಮಾಡಿದರು. ನಾನು ಸುಲಭವಾಗಿ ಬೆರೆಯುವವಳಲ್ಲ. ಅವರು ಮೊದಲ ಸಲ ಹಾಗೆ ಕರೆದ ದಿನ ನನಗೆ ಈಗಲೂ ನೆನಪಿದೆ.

ಅವರ ಲೈನಿನಲ್ಲಿ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ಗೋಡೆಯ ಪಕ್ಕ ದಾರದ ಉಂಡೆಗಳನ್ನಿಡುವ ಒಂದು ಕಬ್ಬಿಣದ ರ್‍ಯಾಕು ಇತ್ತು. ಅದರ ಮುಂದೆ ಯಾವಾಗ ನೋಡಿದರೂ ಯಾರಾದರೊಬ್ಬಳು ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಬೇರೊಬ್ಬಳು. ಒಂದು ದಿನ ಹತ್ತಿರ ಹೋಗಿ ಕೇಳಿದೆ.

"ಏನ್ ಮಾಡ್ತಿದೀರಿ?"

"ದಾರ ಎಣಿಸ್ತಾ ಇವ್ನಿ ಮೇಡಂ."

"ಎಷ್ಟಾಯ್ತು?"

ಅವಳು ಗಾಬರಿಯಿಂದ ರ್‍ಯಾಕಿನತ್ತ ನೋಡಿದಳು. ಅಲ್ಲಿದ್ದದ್ದು ಇಪ್ಪತ್ತು ಉಂಡೆಯೂ ಇರಲಾರದು. "ಇನ್ನೂ ಮುಗುದಿಲ್ಲ ಮೇಡಂ," ಎಂದಳು. ಹಿಂದಿನಿಂದ ಯಾರೋ ಮಷಿನ್ನಿನ ಸದ್ದಿನ ಮೇಲೆ ಕೂಗಿದರು: "ಎಷ್ಟು ಬಂತೇ ದಾರ?" ಈ ಸಲ ಅವಳು ಧೈರ್ಯವಾಗಿ, "ನೆನ್ನೆ ಇದ್ದಷ್ಟೇಯ ಕಣಕ್ಕ, ಮರಿ ಆಕಿಲ್ಲ!" ಎಂದಳು. ಇಡೀ ಲೈನು ತಲೆ ತಗ್ಗಿಸಿಕೊಂಡು ನಕ್ಕಿತು.

ಸ್ಟೋರಿಗೆ ಹೋಗಿ ವಿಚಾರಿಸಿದೆ. ದಾರದ ಲೆಕ್ಕವನ್ನು ದಿನಾ ಸಂಜೆ ಸ್ಟೋರಿನವರೇ ತೆಗೆಯುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಕ್ಕನ ಎದುರು ಕೂತು ಅದನ್ನೇ ಹೇಳಿದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಸ್ಟೋರ್ನೋರು ಎಣಿಸ್ತಾರೆ ಅಂತ ನಂಗೂ ಗೊತ್ತು ಕಣವ್ವ. ಸುಮ್ಕೆ ಕೂತಿದ್ರೆ ಮ್ಯಾಲಿನೋರು ಏನ್ ಕಿಸೀತಿದೀಯ ಅಂತಾರೆ. ದಾರ ಎಣಿಸ್ತಾವ್ಳೆ ಅಂದ್ರೆ ಸುಮ್ನೆ ಓಯ್ತಾರೆ."

ನಿಧಾನವಾಗಿ, ದಿನಕ್ಕೊಂದಿಷ್ಟರಂತೆ, ಉಳಿದದ್ದನ್ನೂ ಹೇಳಿದರು. ಲೈನಿನ ಪ್ರತಿಯೊಬ್ಬಳಿಗೂ ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ದಾರ ಎಣಿಸುವ ಸರದಿ. ಅಷ್ಟು ಹೊತ್ತು ಅವಳ ಮಷಿನ್ನಿಗೆ ಅಕ್ಕನೇ ಕೂರುತ್ತಿದ್ದರು. ಯಾರ ಸರದಿ ಮೊದಲು ಎಂಬುದನ್ನು ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಗೊತ್ತು ಮಾಡುತ್ತಿದ್ದರು. ಬಸ್ಸಿನಿಂದ ಇಳಿಯುವ ಒಬ್ಬೊಬ್ಬಳನ್ನೂ ನೋಡುತ್ತಿದ್ದರು.

"ಎಡಗೈಲಿ ಕಂಬಿ ಇಡ್ಕಂಡು ಇಳಿದ್ರೆ ಬಲಗೈ ನೋಯ್ತಾ ಐತೆ ಅಂತ. ಒಬ್ಳೇ ಇಂದ್ಗಡೆ ಉಳ್ಕಂಡು ಕಡೇಲಿ ಇಳಿದ್ರೆ ಮನೇಲಿ ಏನೋ ಆಗೈತೆ ಅಂತ. ಸುಸ್ತಾಗದು ಬ್ಯಾರೆ ಮಗ, ಸಾಕಾಗೋಗದು ಬ್ಯಾರೆ. ಸುಸ್ತು ಮಲ್ಗಿದ್ರೆ ಓಯ್ತದೆ. ಸಾಕಾಗೋದೋಳು ನಾಳೀಕೆ ಬರದೇ ಇಲ್ಲ."

ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಕೂತು ನಾನು ಓದಿದ್ದನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಆದರೆ ಬೋರ್ಡಿನ ಮೇಲಿನ ಸಂಖ್ಯೆ? ಅದಕ್ಕೂ ಒಂದು ಉಪಾಯವಿತ್ತು. ಬೆಳಗಿನ ಮೊದಲ ಎರಡು ಗಂಟೆ ಎಲ್ಲರ ಕೈ ಚುರುಕಾಗಿರುತ್ತದೆ, ಕಂಪನಿ ಗೊತ್ತುಮಾಡಿದ ಗಂಟೆಯ ಗುರಿಗಿಂತ ನಾಲ್ಕೈದು ಶರ್ಟು ಹೆಚ್ಚೇ ಬರುತ್ತದೆ. ಅಕ್ಕ ಬೋರ್ಡಿನಲ್ಲಿ ಗುರಿಯಷ್ಟನ್ನೇ ಬರೆದು, ಹೆಚ್ಚಿಗೆ ಬಂದದ್ದನ್ನು ತಮ್ಮ ಮೇಜಿನ ಕೆಳಗಿನ ನೀಲಿ ಕ್ರೇಟಿನಲ್ಲಿ ಇಡುತ್ತಿದ್ದರು. ಊಟವಾದ ಮೇಲೆ, ಮೂರು ಗಂಟೆಯ ಸುಮಾರಿಗೆ, ಎಲ್ಲರ ಕೈ ಸೋಲುವಾಗ ಅವನ್ನು ಹೊರಗೆ ತೆಗೆಯುತ್ತಿದ್ದರು. ಸಂಜೆಯ ಮೊತ್ತದಲ್ಲಿ ಒಂದು ಶರ್ಟೂ ಆಚೀಚೆ ಆಗುತ್ತಿರಲಿಲ್ಲ. ಕಡಿಮೆಯಾದ ಗಂಟೆಗೆ ಬೈಗುಳ ತಿನ್ನುವುದು ತಪ್ಪುತ್ತಿತ್ತು, ಅಷ್ಟೇ.

ಆ ಹೊತ್ತಿಗೆ ಸರಿಯಾಗಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಕೆಲಸ ಬಿಟ್ಟುಹೋಗುವ ಹೆಂಗಸರು ಹೆಚ್ಚಾಗುತ್ತಿದ್ದಾರೆ, ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯವರು ಕಾರಣ ಕೇಳುತ್ತಿದ್ದಾರೆ, ನೌಕರರ ಬರ್ನ್‌ಔಟ್, ಅಂದರೆ ಅಕ್ಕ ಹೇಳುತ್ತಿದ್ದ ಸಾಕಾಗಿಹೋಗುವುದು, ಅದನ್ನು ತಡೆಯುವ ಬಗ್ಗೆ ವೆಲ್‌ಫೇರ್ ವಿಭಾಗ ವರದಿ ಕೊಡಬೇಕು ಎಂದು. ನಾನು ಎಲ್ಲ ಲೈನುಗಳ ಹಾಜರಿ ತೆಗೆದು ಹೋಲಿಸಿದೆ. ಏಳನೇ ಲೈನಿನಲ್ಲಿ ರಜೆ ಕಡಿಮೆ, ಬಿಟ್ಟುಹೋದವರು ಇನ್ನೂ ಕಡಿಮೆ. ನನಗೆ ಸಂತೋಷವಾಯಿತು. ಓಡಿಹೋಗಿ ಅಕ್ಕನಿಗೆ ಹೇಳಿದೆ.

ಅವರು ಮಾತ್ರ ನಗಲಿಲ್ಲ. "ಬರೀಬ್ಯಾಡ ಕಣ್ ಮಗ," ಎಂದರು.

"ನಿಮ್ಮ ಹೆಸರು ಹಾಕಲ್ಲ ಅಕ್ಕ."

"ಎಸ್ರು ಬ್ಯಾಡ ಅಂದ್ನಾ ನಾನು? ಬರೀಬ್ಯಾಡ ಅಂದೆ. ಅವ್ರಿಗೆ ಗೊತ್ತಾದ್ರೆ ಈ ಅದ್ನೈದು ನಿಮ್ಸಾನೂ ಕಿತ್ಕತಾರೆ."

ನಾನು "ಸರಿ" ಎಂದೆ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ...

ಆದರೆ ವರದಿ ಬರೆಯಲು ಕೂತಾಗ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಉಳಿದ ಲೈನುಗಳ ಬಗ್ಗೆ ಬರೆಯಲು ಇದ್ದದ್ದು ಬರೀ ಬೈಗುಳ ಮತ್ತು ಸೊಂಟನೋವು. ಒಳ್ಳೆಯದೊಂದು ಕಣ್ಣೆದುರಿಗೇ ನಡೆಯುತ್ತಿರುವಾಗ ಅದನ್ನು ಮುಚ್ಚಿಡುವುದು ತಪ್ಪು ಎಂದುಕೊಂಡೆ. ಇದು ತಿಳಿದರೆ ಎಲ್ಲ ಲೈನಿಗೂ ಹದಿನೈದು ನಿಮಿಷ ಸಿಗುತ್ತದೆ ಎಂದುಕೊಂಡೆ. ಅಕ್ಕ ಓದು ಕಡಿಮೆಯಾದವರು, ಅದಕ್ಕೇ ಕಾಗದಕ್ಕೆ ಹೆದರುತ್ತಾರೆ ಎಂದೂ ಅಂದುಕೊಂಡೆ. ಈಗ ಬರೆಯಲು ನಾಚಿಕೆಯಾಗುವ ಮಾತು ಅದು. ಹೆಸರು ಹಾಕದೆ, "ಒಂದು ಲೈನಿನಲ್ಲಿ" ಎಂದು ಶುರು ಮಾಡಿ, ಎಲ್ಲವನ್ನೂ ಬರೆದೆ. ಎಷ್ಟು ನಿಮಿಷ, ಎಷ್ಟು ಜನ, ಎಷ್ಟು ಗಂಟೆಗೆ ಕ್ರೇಟು ತುಂಬುತ್ತದೆ, ಎಷ್ಟು ಗಂಟೆಗೆ ಖಾಲಿಯಾಗುತ್ತದೆ. ನಾನು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವಳಲ್ಲ. "ಬೆಳಗಿನ ಹೆಚ್ಚುವರಿ ಉತ್ಪಾದನೆಯನ್ನು ಕಾಯ್ದಿರಿಸಿ ಮಧ್ಯಾಹ್ನ ಸರಿದೂಗಿಸಲಾಗುತ್ತಿದೆ" ಎಂಬ ವಾಕ್ಯವನ್ನು ಮೂರು ಸಲ ತಿದ್ದಿದ್ದೆ.

ಮ್ಯಾನೇಜರು ನನ್ನನ್ನು ಕರೆದು ಕಾಫಿ ತರಿಸಿದರು. "ವಂಡರ್‌ಫುಲ್ ರಿಪೋರ್ಟ್ ಮೇಡಂ. ನಮಗೇ ಗೊತ್ತಿಲ್ಲದ್ದನ್ನ ಕಂಡುಹಿಡಿದಿದ್ದೀರಿ," ಎಂದರು. ನಾನು ಆ ಕಾಫಿಯನ್ನು ಖುಷಿಯಿಂದಲೇ ಕುಡಿದೆ.

ಮುಂದಿನ ವಾರ ಕೈಯಲ್ಲಿ ಸ್ಟಾಪ್‌ವಾಚು ಹಿಡಿದ ಒಬ್ಬ ಇಂಜಿನಿಯರು ಬಂದು ನೇರವಾಗಿ ಏಳನೇ ಲೈನಿನ ಮುಂದೆ ನಿಂತರು. ಅಂಥ ಸಂಖ್ಯೆಗಳಿದ್ದದ್ದು ಒಂದೇ ಲೈನಿನಲ್ಲಿ. ಹೆಸರು ಹಾಕದಿದ್ದರೇನು, ಹುಡುಕಲು ಅವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಎರಡು ದಿನ ನೋಡಿ ಅವರು ತೆಗೆದ ತೀರ್ಮಾನ ಇಷ್ಟು: ಸರದಿಯ ಮೇಲೆ ಜನ ಎದ್ದು ಕೂತರೂ ಕೆಲಸ ಮುಗಿಯುತ್ತಿದೆ ಎಂದರೆ ಈ ಲೈನಿಗೆ ಇಷ್ಟು ಜನ ಬೇಕಿಲ್ಲ. ಮೂವತ್ತು ಜನರಲ್ಲಿ ಇಬ್ಬರನ್ನು ಬೇರೆ ಲೈನಿಗೆ ಹಾಕಿದರು. ಗಂಟೆಯ ಗುರಿ ಏರಿಸಿದರು. ನೀಲಿ ಕ್ರೇಟನ್ನೂ ಸ್ಟೂಲನ್ನೂ ಎತ್ತಿಸಿದರು. ಅಕ್ಕನನ್ನು ಸೂಪರ್‌ವೈಸರ್ ಕೆಲಸದಿಂದ ತೆಗೆದು, ಸಿದ್ಧವಾದ ಶರ್ಟುಗಳ ದಾರದ ತುದಿ ಕತ್ತರಿಸುವ ಮೇಜಿಗೆ ಕಳಿಸಿದರು.

ನೋಟೀಸು ಕೊಡುವ ಕೆಲಸ ವೆಲ್‌ಫೇರ್ ವಿಭಾಗದ್ದಾಗಿತ್ತು. ನಾನೇ ಒಯ್ದು ಕೊಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ನಿಧಾನವಾಗಿ ಓದಿದರು. ಉತ್ಪಾದನೆಯನ್ನು ಮರೆಮಾಚಿ ಆಡಳಿತಕ್ಕೆ ತಪ್ಪು ಮಾಹಿತಿ ನೀಡಿರುತ್ತೀರಿ ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು.

"ಇದ್ನೂ ನೀನೇ ಬರದ್ಯಾ?"

"ಇಲ್ಲ ಅಕ್ಕ."

ನೋಟೀಸನ್ನು ನಾನು ಬರೆದಿರಲಿಲ್ಲ, ನಿಜ. ಆದರೆ ಅದರ ಎರಡನೇ ಪ್ಯಾರಾದಲ್ಲಿದ್ದದ್ದು ನಾನು ಮೂರು ಸಲ ತಿದ್ದಿದ ಅದೇ ವಾಕ್ಯ. ಒಂದು ಅಕ್ಷರವನ್ನೂ ಬದಲಿಸದೆ ಎತ್ತಿ ಹಾಕಿದ್ದರು. ಅಕ್ಕ ಸಹಿ ಮಾಡಿ ಪೆನ್ನು ವಾಪಸು ಕೊಟ್ಟರು. "ಆಯ್ತು ಮೇಡಮ್ಮಾರೇ," ಎಂದರು.

ಮ್ಯಾನೇಜರ ಹತ್ತಿರ ಹೋಗಿ ಜಗಳವಾಡಿದೆ. ನನ್ನ ಮಟ್ಟಿಗೆ ಅದು ಜಗಳವೇ. "ಸರ್, ಎಲ್ಲ ಲೈನಿಗೂ ವಿರಾಮ ಕೊಡಿ ಅಂತ ಬರೆದಿದ್ದೆ. ಇರೋದನ್ನ ತೆಗೀರಿ ಅಂತ ಅಲ್ಲ."

"ಬ್ರೇಕ್ ಕೊಡ್ತಾ ಇದೀವಲ್ಲ ಮೇಡಂ. ಶನಿವಾರದಿಂದ ಯೋಗ. ಶಿಫ್ಟ್ ಮುಗಿದ ಮೇಲೆ ಮುಕ್ಕಾಲು ಗಂಟೆ, ಫ್ರೀ."

ಶಿಫ್ಟ್ ಮುಗಿದ ಮೇಲೆ ಮುಕ್ಕಾಲು ಗಂಟೆ ಎಂದರೆ ಬಸ್ಸುಗಳೂ ಮುಕ್ಕಾಲು ಗಂಟೆ ತಡ. ಅರಕಲಗೂಡಿನ ಕಡೆಯವರು ಮನೆ ಸೇರಿ ಒಲೆ ಹಚ್ಚುವುದೂ ಅಷ್ಟೇ ತಡ. ಮೊದಲ ಶನಿವಾರ ಶವಾಸನ ಮಾಡಿಸುವಾಗ ಅರ್ಧಕ್ಕರ್ಧ ಜನ ನಿದ್ದೆ ಹೋದರು. ಫೋಟೋ ಬಹಳ ಚೆನ್ನಾಗಿ ಬಂತು. ಎಲ್ಲರೂ ಎಷ್ಟು ನೆಮ್ಮದಿಯಾಗಿದ್ದಾರೆ ಎಂದು ಮೇಲಿನವರು ಮೆಚ್ಚಿ ಬರೆದರು. ಆ ಫೋಟೋ ಕಳಿಸಿದ್ದೂ ನಾನೇ.

ಏಳನೇ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು ದೊಡ್ಡಗದ್ದವಳ್ಳಿಯವಳು. ಬಸ್ಸಿನಿಂದ ಎಡಗೈಯಲ್ಲಿ ಕಂಬಿ ಹಿಡಿದು ಇಳಿಯುತ್ತಿದ್ದದ್ದು ಅವಳೇ. ಅಕ್ಕ ಸೂಪರ್‌ವೈಸರ್ ಆಗಿದ್ದಾಗ ದಾರ ಎಣಿಸುವ ಸರದಿ ಅವಳಿಗೆ ದಿನವೂ ಸಿಗುತ್ತಿತ್ತು, ಬೇರೆಯವರು ಅದಕ್ಕೆ ತಕರಾರು ಮಾಡುತ್ತಿರಲಿಲ್ಲ. ಗುರಿ ಏರಿಸಿದ ಮೂರನೇ ವಾರ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ಅವಳ ತೋರುಬೆರಳಿನ ಉಗುರಿನ ಮೂಲಕ ಸೂಜಿ ಇಳಿಯಿತು.

ಅವಳು ಕೂಗಲಿಲ್ಲ. ಮಷಿನ್ನುಗಳು ಒಂದೊಂದಾಗಿ ನಿಂತದ್ದರಿಂದ ನನಗೆ ಗೊತ್ತಾಯಿತು. ನಾನು ಪೆಟ್ಟಿಗೆ ಹಿಡಿದು ಓಡುವಷ್ಟರಲ್ಲಿ ಅಕ್ಕ ಆ ಬದಿಯ ಮೇಜಿನಿಂದ ಬಂದು ಅವಳ ಪಕ್ಕ ಕೂತಿದ್ದರು. ಒಂದು ಕೈಯಲ್ಲಿ ಅವಳ ಮಣಿಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಮಷಿನ್ನಿನ ಚಕ್ರವನ್ನು ಬಲು ನಿಧಾನವಾಗಿ ತಿರುಗಿಸುತ್ತಿದ್ದರು.

"ಅಲ್ಲಿ ನೋಡ್ಬ್ಯಾಡ ಕಣೇ, ನನ್ ಮಕ ನೋಡು. ನಿನ್ ಮಗ ಎಷ್ಟನೇ ಕ್ಲಾಸೇ?"

"ಮೂ... ಮೂರು ಕಣಕ್ಕ."

"ಓದ್ತಾನಾ? ಅವ್ರಪ್ಪನಂಗೆ ತಿರುಗ್ತಾನಾ?"

ಅವಳು ಅಳುತ್ತಲೇ ನಕ್ಕಳು. ಸೂಜಿ ಮೇಲಕ್ಕೆ ಬಂತು. "ಬಟ್ಟೆ ಕೊಡಿ ಮೇಡಮ್ಮಾರೇ," ಎಂದು ಅಕ್ಕ ನನ್ನ ಕಡೆ ನೋಡದೆ ಕೈ ಚಾಚಿದರು.

ಅಪಘಾತದ ರಿಜಿಸ್ಟರಿನಲ್ಲಿ ಕಾರಣ ಬರೆಯುವ ಜಾಗವಿದೆ. ನಾನು "ಸತತ ಕೆಲಸದಿಂದಾದ ಆಯಾಸ" ಎಂದು ಬರೆದೆ. ಅದು ವಾಪಸು ಬಂತು. ಆಯಾಸ ಎಂಬುದಕ್ಕೆ ಆಧಾರವೇನು, "ಅಜಾಗರೂಕತೆ" ಎಂದು ತಿದ್ದಿ ಕಳಿಸಿ ಎಂದರು. ನಾನು ಅರ್ಧ ಗಂಟೆ ಆ ಹಾಳೆ ನೋಡುತ್ತ ಕೂತಿದ್ದೆ. ಆಮೇಲೆ ತಿದ್ದಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ವರದಿಯದ್ದು ತಿಳಿಯದೆ ಮಾಡಿದ ತಪ್ಪು ಎಂದಾದರೂ ಹೇಳಿಕೊಳ್ಳಬಹುದು. ಇದು ತಿಳಿದೇ ಮಾಡಿದ್ದು.

ಮಾರನೆಯ ದಿನ ಅಕ್ಕ ಕೆಲಸಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಬೇರೆಯವರನ್ನು ಸಾಕಾಗಿಹೋಗದಂತೆ ಕಾಯ್ದ ಮನುಷ್ಯರಿಗೇ ಸಾಕಾಗಿಹೋಗಿತ್ತು.

ಒಂದೂವರೆ ತಿಂಗಳ ಮೇಲೆ, ಒಂದು ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಹೊಳೆಯ ಕಡೆಯ ಒಂದು ಬೀದಿಯಲ್ಲಿ ಅವರ ಬಾಡಿಗೆ ಮನೆ. ಬಾಗಿಲಲ್ಲಿ ನನ್ನನ್ನು ನೋಡಿ "ಬಾ" ಎಂದರು. ಅಷ್ಟೇ. ತಟ್ಟೆ ಹಾಕಿ ಮುದ್ದೆ, ಉಪ್ಪೆಸರು ಬಡಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಲು ಶುರು ಮಾಡಿದೆ.

"ಎಲ್ಲರಿಗೂ ಒಳ್ಳೇದಾಗ್ಲಿ ಅಂತ ಬರೆದೆ ಅಕ್ಕ..."

"ಬರೀಬ್ಯಾಡ ಅಂದಿದ್ನಲ್ಲ."

"ತಪ್ಪಾಯ್ತು."

"ಉಣ್ಣು. ಆರೋಯ್ತದೆ."

ನಾನು ಉಂಡೆ. ಅವರು ಎದುರಿಗೆ ಕೂತಿದ್ದರು. ತಟ್ಟೆ ಖಾಲಿಯಾಗುವಾಗ ಒಂದೇ ಒಂದು ಪ್ರಶ್ನೆ ಕೇಳಿದರು. "ಕಾಲರ್ ಒಲೀತಿದ್ದೋಳು ಬತ್ತಾವ್ಳಾ?"

"ಬಿಟ್ಟಳು ಅಕ್ಕ. ಬೆರಳು ಸರಿಯಾಗಿ ಮಡಚೋಕೆ ಬರಲ್ಲ."

ಅವರು ಎದ್ದು ಒಳಗೆ ಹೋದರು. ಪಾತ್ರೆ ಜರುಗಿಸುವ ಸದ್ದು ಕೇಳಿತು. ನಾನು ಕೈ ತೊಳೆದು, ತಟ್ಟೆ ತೊಳೆದಿಟ್ಟು, ಬಾಗಿಲ ಹತ್ತಿರ ನಿಂತು "ಬರ್ತೀನಿ ಅಕ್ಕ" ಎಂದೆ. ಒಳಗಿನಿಂದ "ಊಂ" ಎಂದರು. ಅವರ ದನಿ ನಾನು ಕೇಳಿದ್ದು ಅದೇ ಕೊನೆ...

ಈಗ ನಾನು ಹಾಸನದಲ್ಲೇ ಬೇರೊಂದು ಕಂಪನಿಯಲ್ಲಿದ್ದೇನೆ. ಕೆಲಸ ಹೆಚ್ಚೂಕಡಿಮೆ ಅದೇ. ಇಲ್ಲಿಯೂ ಗೋಡೆಯ ಮೇಲೆ ಕಣ್ಣು ಮುಚ್ಚಿ ನಗುವ ಹೆಂಗಸಿನ ಪೋಸ್ಟರಿದೆ, ವರ್ಷಕ್ಕೊಮ್ಮೆ ಒತ್ತಡ ನಿವಾರಣೆಯ ಭಾಷಣವಿದೆ. ದಣಿದವರಿಗೆ ಉಸಿರಾಟ ಕಲಿಸುವುದಕ್ಕೆ ಸಿಗುವ ಒಪ್ಪಿಗೆ, ದಣಿಸುವುದನ್ನು ಸ್ವಲ್ಪ ಕಡಿಮೆ ಮಾಡೋಣ ಎಂದರೆ ಸಿಗುವುದಿಲ್ಲ. ಪ್ರತಿ ವಿಭಾಗಕ್ಕೂ ಸರದಿಯ ಮೇಲೆ ಬೇರೆಯವರ ಜಾಗದಲ್ಲಿ ಕೂರಲು ಒಬ್ಬರು ಹೆಚ್ಚುವರಿ ಕೆಲಸಗಾರರು ಬೇಕು, ಹದಿನೈದು ನಿಮಿಷ ಎದ್ದು ಕೂರುವುದು ಯಾರ ದಯೆಯೂ ಆಗದೆ ನಿಯಮವಾಗಬೇಕು ಎಂದು ಎರಡು ಸಲ ಬರೆದುಕೊಟ್ಟೆ. ಎರಡು ಸಲವೂ ಬಜೆಟ್ ಇಲ್ಲ ಎಂದು ವಾಪಸು ಬಂತು. ಮೂರನೇ ಸಲ ನಮ್ಮ ಈಗಿನ ಮೇಲಧಿಕಾರಿ ಕರೆದು ಕೂರಿಸಿ, "ನೀವು ಕೇಳ್ತಿರೋದು ಸರಿಯಾಗೇ ಇದೆ. ಎಲ್ಲಾದ್ರೂ ಇದನ್ನ ಮಾಡಿ ನೋಡಿ ಜನ ಉಳಿದ ಉದಾಹರಣೆ ಇದ್ದರೆ ಹಾಕಿ. ನಾನು ಮೇಲೆ ವಾದ ಮಾಡ್ತೀನಿ," ಎಂದರು. ಒಳ್ಳೆಯ ಹೆಂಗಸು. ಅವರ ಮಾತನ್ನು ನಂಬಬಹುದೇನೋ. ಆದರೆ ಹಿಂದೊಮ್ಮೆ ಆ ಮ್ಯಾನೇಜರೂ ನನಗೆ ಕಾಫಿ ಕೊಟ್ಟೇ ಮಾತಾಡಿಸಿದ್ದರು.

ಉದಾಹರಣೆ ನನ್ನ ಹತ್ತಿರ ಇದೆ. ಹಾಜರಿಯ ಅಂಕಿಗಳು ಇಂದಿಗೂ ಬಾಯಿಪಾಠ. ಈ ಸಲ ಕೇಳಿಯೇ ಬರೆಯೋಣ ಎಂದು ಅಕ್ಕನ ನಂಬರಿಗೆ ಫೋನು ಮಾಡಿದೆ. ಯಾರೋ ಗಂಡಸು ಎತ್ತಿ ರಾಂಗ್ ನಂಬರ್ ಎಂದ. ಹೋದ ಭಾನುವಾರ ಹೊಳೆನರಸೀಪುರಕ್ಕೇ ಹೋದೆ. ಆ ಮನೆಯಲ್ಲಿ ಬೇರೆ ಸಂಸಾರವಿದೆ. ಪಕ್ಕದ ಮನೆಯಾಕೆ, "ಅವ್ರು ಓಗಿ ವರ್ಸ ಆಯ್ತು ಕಣವ್ವ. ಮಗಳ ಮನೆ ಕಡೀಕೆ ಅಂತಿದ್ರು. ಯಾವೂರು ಅಂತ ನಾ ಕೇಳ್ನಿಲ್ಲ," ಎಂದರು. ಅವರಿಗೊಬ್ಬಳು ಮಗಳಿದ್ದಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಎಲ್ಲರ ಮನೆಯ ಸುದ್ದಿಯನ್ನೂ ಗೇಟಿನಲ್ಲಿ ನಿಂತು ತಿಳಿದುಕೊಳ್ಳುತ್ತಿದ್ದ ಅವರ ಮನೆಯ ಸುದ್ದಿಯನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ನಿಮಿಷಗಳನ್ನು ಮಾತ್ರ ಬರೆದುಕೊಂಡಿದ್ದೆ.

ಸೋಮವಾರ ಫೈಲು ಕೊಡಬೇಕು. ಉದಾಹರಣೆಯ ಜಾಗವನ್ನು ಖಾಲಿ ಬಿಟ್ಟೇ ಕೊಡುತ್ತೇನೆ. ಅದು ವಾಪಸು ಬರುತ್ತದೆ, ನಾನು ಮತ್ತೆ ಬರೆದುಕೊಡುತ್ತೇನೆ. ಈಗ ನೀವು ಓದುತ್ತಿರುವ ಇದನ್ನೂ ಅಕ್ಕನನ್ನು ಕೇಳದೆಯೇ ಬರೆದಿದ್ದೇನೆ. ಈ ಸಲ ಯಾರೂ ಕಿತ್ತುಕೊಳ್ಳುವಂಥದ್ದು ಅವರ ಹತ್ತಿರ ಉಳಿದಿಲ್ಲ, ಅದಕ್ಕೇ ಇಷ್ಟಾದರೂ ಬರೆಯಲು ಆಯಿತು.